ಕಲಾಯಿ ಸಾಬರ ಕೂಗು

“ನಾಳಿ ಹುಬ್ಬಳ್ಳಿ ದವಾಖಾನ್ಯಾಗ ನನ್ನ ಗಂಟಲಾ ಕೊಯ್ತಾರ್ರಿ. ಆಮ್ಯಾಲೆ ದನಿ ಇರೂದಿಲ್ಲಂತ. ಇದರಾಗ ಹಿಡದು ಕೊಡ್ರಿ,” ಎಂದು ಕಲಾಯಿ ಸಾಬರು ತಮ್ಮ ಟೇಪ್ ಸೆಟ್ಟನ್ನು ಬೆಟಗೇರಿಯ ನನ್ನ ರೇಡಿಯೋ ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟರು. ಎಂಬತ್ತರ ದಶಕದಲ್ಲೂ ನಮ್ಮ ಓಣಿಯ ತಾಮ್ರ, ಹಿತ್ತಾಳೆಯ ಪಾತ್ರೆಗಳು ಒಳಮೈಗೆ ತವರದ ಕಲಾಯಿ ಹಾಕಿಸಿಕೊಳ್ಳಲು ಹೊರಗೆ ಬರುತ್ತಿದ್ದುದು ಅವರ ಕೂಗು ಕೇಳಿಯೇ.

ಆ ಸೆಟ್ಟು ಹಾಡು ಕೇಳಿಸುತ್ತಿತ್ತೇ ಹೊರತು ರೆಕಾರ್ಡ್ ಮಾಡುತ್ತಿರಲಿಲ್ಲ. ಕೆಟ್ಟುಹೋದ ಇನ್ನೊಂದು ಸೆಟ್ಟಿನಿಂದ ರೆಕಾರ್ಡಿಂಗ್ ಬೋರ್ಡು, ಹೆಡ್ಡು ಬಿಚ್ಚಿ ಇದಕ್ಕೆ ಬೆಸುಗೆ ಹಾಕಿ, ಅವರ ಕೈಗೆ ಮೈಕು ಕೊಟ್ಟೆ. ನೀರು ಕುಡಿದು, ಎದ್ದು ನಿಂತು, “ಕಲಾಯೀ... ಭಾಂಡೆಕ್ಕ ಕಲಾಯೀ” ಎಂದು ಕೂಗಿದರು. ನೋವಿಗೆ ಕಣ್ಣು ತುಂಬಿದ್ದವು. ಟೇಪು ಇನ್ನೂ ಉಳಿದಿದೆ, ಮನೆಯಲ್ಲಿರುವ ನಿಮ್ಮ ಪುಟ್ಟ ಮಗಳ ಹೆಸರನ್ನೂ ಕೂಗಿರಿ ಎಂದೆ.

“ಬ್ಯಾಡ್ರಿ. ಟೇಪಿನಾಗ ಕರದ್ರ ಓಡಿ ಬರ್ತಾಳ. ಬಂದು ನಿಂತಾಕಿಗೆ ಏನ್ ಹೇಳ್ಲಿ?”

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಕೂಗು ಕೇಳಿ ಹೊರಗೆ ಬಂದೆ. ಕೊರಳಿಗೆ ವಸ್ತ್ರ ಸುತ್ತಿಕೊಂಡು ಸಾಬರು ಸೈಕಲ್ ತಳ್ಳುತ್ತಿದ್ದರು. ಹ್ಯಾಂಡಲ್ಲಿಗೆ ಸೆಟ್ಟು ತೂಗುಹಾಕಿದ್ದರು. ಸೆಲ್ಲು ಇಳಿದು ದನಿ ಎಳೆಯುತ್ತಿತ್ತು. ಎದುರು ಮನೆಯ ಅಜ್ಜಿ ಒಳಗಿನಿಂದಲೇ ಕೇಳಿದರು: “ಯಾಕ್ರಿ ಸಾಬ್ರ, ದನಿ ಇಷ್ಟ ಸೋತೈತಿ? ಆರಾಮ ಇಲ್ಲೇನು?”

ಸಾಬರು ಸೆಟ್ಟು ಬಂದ್ ಮಾಡಿ ನಿಂತುಬಿಟ್ಟರು. ನಾನು ಅಂಗಡಿಯಿಂದ ಹೊಸ ಸೆಲ್ಲು ತಂದು ಹಾಕಿ ಚಾಲೂ ಮಾಡಿದೆ. ಕೂಗು ಮತ್ತೆ ಗಟ್ಟಿಯಾಗಿ ಎದ್ದಿತು.

“ಈಗ ಛಲೋ ಆತು ನೋಡ್ರಿ,” ಎಂದರು ಅಜ್ಜಿ. ಸಾಬರು ಹೌದೆಂಬಂತೆ ತಲೆಯಾಡಿಸಿದರು. ಒಳಗಿದ್ದ ಅಜ್ಜಿಗೆ ಅದು ಕಾಣಲಿಲ್ಲ. ನನಗೆ ಇವತ್ತಿಗೂ ಕಾಣುತ್ತಿದೆ.