ಆಯ್ತಣ್ಣನ ಮೂರು ಪರ್ಸೆಂಟ್

ಆಯ್ತಣ್ಣನ ಅಂಗಡಿ ಎಂದರೆ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿ. ಒಳಗೆ ಒಬ್ಬರು ಉಸಿರೆಳೆದರೆ ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಮೂರು ಗೋಡೆಗೂ ಮೊಳೆ ಹೊಡೆದು ತೂಗುಹಾಕಿದ ಕೀಗಳು. ಗಾಳಿ ಬೀಸಿದರೆ ಸಾಕು, ಅತ್ತೆ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಸೇರಿದ ಸೊಸೆಯರ ಹಾಗೆ ಎಲ್ಲವೂ ಒಟ್ಟಿಗೆ ಗಲಗಲ ಶುರು ಮಾಡುತ್ತವೆ. ಹೊರಗೆ ಒಂದು ಹಲಗೆ: 'ಬೀಗ ರಿಪೇರಿ, ಡೂಪ್ಲಿಕೇಟ್ ಕೀ. ಮನೆಯ ಹೊರಗೆ ಸಿಕ್ಕಿಹಾಕಿಕೊಂಡಿದ್ದೀರಾ? ಯಾವ ಹೊತ್ತಿನಲ್ಲಾದರೂ ಕರೆ ಮಾಡಿ.' ಅದರ ಕೆಳಗೆ ಅವನ ಫೋನ್ ನಂಬರು. ಈ ಹಲಗೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅವನ ಹೆಂಡತಿಯೂ ನೆನಪಿಟ್ಟುಕೊಂಡಿದ್ದರು.

ಅವನ ಕೈಗೆ ಬಂದ ಬೀಗ ಎಷ್ಟೇ ಹಟಮಾರಿಯಾಗಿರಲಿ, ಸ್ವಲ್ಪ ಹೊತ್ತಿನಲ್ಲಿ ಬಾಯಿ ಬಿಡುತ್ತದೆ. ಆದರೆ ಅವನ ಬಾಯಿಂದ ಮಾತ್ರ ಒಂದು ಮಾತು ಯಾವ ಕೀ ಹಾಕಿದರೂ ಹೊರಬೀಳುವುದಿಲ್ಲ. ಆ ಮಾತು 'ಇಲ್ಲ'. ಯಾರು ಏನು ಕೇಳಿದರೂ 'ಆಯ್ತು' ಅನ್ನುವುದರಿಂದಲೇ ಅವನಿಗೆ ಆಯ್ತಣ್ಣ ಎಂಬ ಹೆಸರು ಬಿದ್ದದ್ದು. ಒಮ್ಮೆ ಪೇಂಟರ್ ಒಬ್ಬ 'ಏಣಿ ಸ್ವಲ್ಪ ಹಿಡ್ಕೋ ಅಣ್ಣ' ಎಂದ. ಹಿಡಿದ. ಪೇಂಟರ್ ಇಳಿದು ಊಟಕ್ಕೆ ಹೋದ, ಉಂಡ, ಒಂದು ಸಣ್ಣ ನಿದ್ದೆಯನ್ನೂ ತೆಗೆದ. ವಾಪಸ್ ಬಂದಾಗ ಆಯ್ತಣ್ಣ ಖಾಲಿ ಏಣಿಯನ್ನು ಹಿಡಿದುಕೊಂಡೇ ನಿಂತಿದ್ದ. 'ಬಿಡು ಅಂತ ನೀನು ಹೇಳ್ಲೇ ಇಲ್ವಲ್ಲಪ್ಪ' ಎಂದ.

ಇಂಥವನ ಕೈಯಲ್ಲಿ ಒಂದು ಸ್ಮಾರ್ಟ್‌ಫೋನ್ ಇದ್ದರೆ ಅದು ಅವನದಾಗಿ ಉಳಿಯುತ್ತದೆಯೇ? ಬೀದಿಯ ನಲ್ಲಿಯಾಗುತ್ತದೆ. ಪಕ್ಕದ ಟೈಲರ್ ತನ್ನ ಗಿರಾಕಿಗಳ ಬೈಗುಳ ಕೇಳಲು ಸ್ವಂತ ಫೋನ್ ಇಟ್ಟುಕೊಂಡಿದ್ದ; ತಾನು ಬೇರೆಯವರನ್ನು ಬೈಯಲು ಆಯ್ತಣ್ಣನ ಫೋನ್ ಬಳಸುತ್ತಿದ್ದ. ಟೈಲರನ ನಾದಿನಿ ತವರಿನ ವರ್ತಮಾನವನ್ನೆಲ್ಲ ಇದರಲ್ಲೇ ತರಿಸಿಕೊಳ್ಳುತ್ತಿದ್ದಳು. ಇನ್ನು ನಾನು. ನನ್ನ ಫೋನಿನ ಬ್ಯಾಟರಿ ಥೇಟ್ ನನ್ನ ಹಾಗೆಯೇ: ಬೆಳಗ್ಗೆ ಭಾರೀ ಉತ್ಸಾಹ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಮುಚ್ಚುತ್ತದೆ. ಹಾಗಾಗಿ ಸಂಪಾದಕರಿಗೆ ಲೇಖನ ತಡವಾದದ್ದಕ್ಕೆ ಕಾರಣ ಹೇಳುವ ನನ್ನ ಸಾಹಿತ್ಯ ಸೇವೆ ಪೂರ್ತಿ ನಡೆದದ್ದು ಆಯ್ತಣ್ಣನ ಫೋನಿನಲ್ಲಿ.

ತೊಂದರೆ ಶುರುವಾದದ್ದು ಅತ್ತಿಗೆ, ಅಂದರೆ ಆಯ್ತಣ್ಣನ ಹೆಂಡತಿ, ತವರಿಗೆ ಹೋದ ಮೇಲೆ. ಅವರ ತಾಯಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದರು. ಅತ್ತಿಗೆ ದಿನಾ ಸಂಜೆ ಗಂಡನಿಗೆ ಫೋನ್ ಮಾಡುವರು. ಮೊದಲ ಸಂಜೆ ಟೈಲರನ ನಾದಿನಿ ಎತ್ತಿ, 'ಯಾರಮ್ಮ ನೀನು? ಆಮೇಲೆ ಮಾಡು' ಎಂದಳು. ಮರುದಿನ ಲೈನ್ ಬ್ಯುಸಿ. ಅದರ ಮರುದಿನ ನಾನು ಸಂಪಾದಕರಿಗೆ ನನ್ನ ಲೇಖನ ಓದಿ ಹೇಳುತ್ತಿದ್ದೆ, ಒಳ್ಳೆಯ ಜಾಗಕ್ಕೆ ಬಂದಿದ್ದೆ, ನಡುವೆ ಯಾವುದೋ ಕರೆ ಬಂತು, ಕತ್ತರಿಸಿದೆ.

ಕೊನೆಗೆ ಅತ್ತಿಗೆಗೆ ಗಂಡ ಸಿಕ್ಕಿದ. ಆ ಸಂದಿಯಲ್ಲಿ ನಿಂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು ಅವರ ಧ್ವನಿ.

"ರೀ, ನಾನು ಮದುವೆಯಾಗಿದ್ದು ಗಂಡಸನ್ನೋ, ಟೆಲಿಫೋನ್ ಬೂತನ್ನೋ?"

"ಹಾಗಲ್ಲ ಕಣೇ, ಪಾಪ ಅವರಿಗೇನೋ ಅರ್ಜೆಂಟು..."

"ನಂಗೆ ಅರ್ಜೆಂಟಿಲ್ಲ ಬಿಡಿ. ಶನಿವಾರ ಅಮ್ಮನ ಕಾಲಿನ ಪ್ಲಾಸ್ಟರ್ ತೆಗೀತಾರೆ. ತೆಗೆದ ತಕ್ಷಣ ಬಸ್ ಹತ್ತಿ ಫೋನ್ ಮಾಡ್ತೀನಿ. ನೀವೇ ಎತ್ತಬೇಕು, ನೀವೇ ಬಸ್ ಸ್ಟ್ಯಾಂಡಿಗೆ ಬರಬೇಕು. ಅವತ್ತೂ ಹೀಗೇ ಆದ್ರೆ ಬಂದ ದಾರಿಗೆ ಸುಂಕ ಇಲ್ಲ ಅಂತ ತಿರುಗಿ ಹೋಗ್ತೀನಿ. ಇಲ್ಲಿ ಅಮ್ಮನಿಗೆ ನಾನೊಬ್ಳೇ. ನಿಮಗೇನು, ಊರಿಗೆ ಊರೇ ಇದೆ."

"ಆಯ್ತು ಕಣೇ."

"ಆಯ್ತು ಅನ್ನೋದು ಕೇಳಿ ಕೇಳಿ ಕಿವಿ ತೂತಾಗಿದೆ. ಯಾರಿಗಾದ್ರೂ ಒಂದ್ಸಲ 'ಇಲ್ಲ' ಅನ್ನಿ ನೋಡೋಣ. ಸಾಯೋದ್ರೊಳಗೆ ಅದನ್ನ ಕಿವಿಯಾರೆ ಕೇಳ್ಬೇಕು ನಾನು."

ಆಯ್ತಣ್ಣ ಬೆವರಿದ. ಅತ್ತಿಗೆ ಹೇಳಿದ್ದನ್ನು ಮಾಡುವವರು. 'ಚಾರ್ಜಿಲ್ಲ ಅಂತ ಹೇಳಿಬಿಡು' ಎಂದು ನಾನೇ ಧಾರಾಳವಾಗಿ ಸಲಹೆ ಕೊಟ್ಟೆ. 'ಇದ್ದಿದ್ದನ್ನ ಇಲ್ಲ ಅಂತ ಹೆಂಗೆ ಹೇಳ್ಲಿ?' ಎಂದು ನನ್ನನ್ನು ಕಳ್ಳನನ್ನು ನೋಡುವ ಹಾಗೆ ನೋಡಿದ.

ಅವನ ಕಷ್ಟ ಬಗೆಹರಿಸಿದ್ದು, ನನಗೆ ಆಮೇಲೆ ತಿಳಿದ ಹಾಗೆ, ಎದುರುಗಡೆ ಮೊಬೈಲ್ ಕವರ್ ಮಾರುವ ಹೆಂಗಸು. ಬೀದಿಗೆಲ್ಲ ಅವಳು ಕವರ್ ಅಕ್ಕ. ಅವಳು ಫೋನ್ ಇಸಿದುಕೊಂಡು, "ನೀನು ಸುಳ್ಳು ಹೇಳ್ಬೇಡ ಬಿಡಣ್ಣ. ಫೋನೇ ಹೇಳ್ಲಿ" ಎಂದಳು. ಬ್ಯಾಟರಿಯ ಗುರುತನ್ನು ಬೇಕಾದ ಹಾಗೆ ಬದಲಿಸುವ ಒಂದು ಆ್ಯಪ್ ಹಾಕಿದಳು. ಅದರಲ್ಲಿ ಏನುಂಟು ಏನಿಲ್ಲ! ಚಾರ್ಜ್ ಇಳಿದ ಹಾಗೆ ಬಡಕಲಾಗುವ ಬೆಕ್ಕು, ಗಾಳಿ ಬಿಡುವ ಬಲೂನು, ಕರಗುವ ಮೇಣದಬತ್ತಿ. ಆಯ್ತಣ್ಣನ ಕಣ್ಣು ಅರಳಿತು. "ಅಕ್ಕ, ಬೀಗದ ಚಿತ್ರ ಇದ್ಯಾ? ಚಾರ್ಜ್ ಖಾಲಿಯಾದಾಗ ಬೀಗ ತಾನಾಗಿ ತೆರ್ಕೊಳ್ಳೋ ಥರ?"

"ಸುಮ್ನಿರಣ್ಣ. ನಿಂಗೆ ಬೇಕಾಗಿರೋದು ಅಲಂಕಾರ ಅಲ್ಲ, ಅನುಕಂಪ."

ಅವಳು ನಿಜವಾದ ಗುರುತನ್ನು ಮರೆಮಾಡಿ ಆ ಜಾಗದಲ್ಲಿ ಅಲ್ಲಾಡದ ಒಂದು ಚಿತ್ರ ಕೂರಿಸಿದಳು. ಬರಿದಾದ ಬ್ಯಾಟರಿಯ ಚಿಪ್ಪು, ತಳದಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ, ಪಕ್ಕದಲ್ಲಿ ಮೂರು ಪರ್ಸೆಂಟ್.

"ಮೂರೇ ಯಾಕೆ?"

"ಒಂದು ಅಂದ್ರೆ ಯಾರೂ ನಂಬಲ್ಲ. ಐದು ಅಂದ್ರೆ, ಐದಿದೆಯಲ್ಲ ಅಣ್ಣ, ಒಂದೇ ಒಂದು ಕಾಲು ಅಂತಾರೆ."

ಅನುಭವದ ಮಾತು. ಸ್ವಲ್ಪ ಹೊತ್ತಿಗೆ ಟೈಲರ್ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಬಂದ. ಆಯ್ತಣ್ಣ ಬಾಯಿ ತೆರೆಯದೆ ಫೋನ್ ಚಾಚಿದ. ಟೈಲರ್ ಕೆಂಪು ಗೆರೆ ನೋಡಿದ, ಮುಖ ಸಣ್ಣದಾಯಿತು, ಆಸ್ಪತ್ರೆಯ ವಾರ್ಡಿನಿಂದ ಹೊರಬರುವವನ ಹಾಗೆ ಹಿಂದಕ್ಕೆ ಹೆಜ್ಜೆಯಿಟ್ಟ. ಆ ಸಂಜೆ ಅತ್ತಿಗೆಯ ಕರೆ ಗಂಡನ ಕಿವಿಗೇ ಬಂತು. ಮರುದಿನವೂ ಬಂತು.

ಆದರೆ ನಮ್ಮ ಬೀದಿಯ ಜನ ಒಳ್ಳೆಯವರು. ಒಳ್ಳೆಯವರ ಕಾಟ ಕೆಟ್ಟವರಿಗಿಂತ ಒಂದು ಕೈ ಹೆಚ್ಚು. ಆಯ್ತಣ್ಣನ ಫೋನ್ ಸಾಯುತ್ತಿದೆ ಎಂಬ ಸುದ್ದಿ ಹಬ್ಬಿತು. ಟೈಲರ್ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು ಚಾರ್ಜರ್ ಚುಚ್ಚಿದ. ಮಧ್ಯಾಹ್ನವಿಡೀ ಚಾರ್ಜ್ ಆದರೂ ಮೂರೇ ಪರ್ಸೆಂಟ್. ತನ್ನ ಸಾಕೆಟ್ಟಿನ ಮೇಲೇ ಅನುಮಾನ ಬಂದು ಎಲೆಕ್ಟ್ರಿಷಿಯನನ್ನು ಕರೆಸಿದ. ಅವನು ಬಂದು ಸಾಕೆಟ್ ಬಿಚ್ಚಿ, ಏನೂ ತಪ್ಪಿಲ್ಲ ಅಂದರೆ ಮರ್ಯಾದೆ ಇರುವುದಿಲ್ಲವೆಂದು ಹೊಸದೊಂದು ಹಾಕಿಹೋದ. ಆಗಲೂ ಮೂರು. ಕಟಿಂಗ್ ಅಂಗಡಿಯವರು ತಮ್ಮಲ್ಲಿಗೆ ಒಯ್ದರು. ನಾನು ಮನೆಯಿಂದ ಪವರ್ ಬ್ಯಾಂಕ್ ಹೊತ್ತು ತಂದೆ. ಎಲ್ಲದಕ್ಕೂ ಆಯ್ತಣ್ಣನದು ಒಂದೇ ಮಾತು, "ಆಯ್ತು." ಕಡೆಗೆ ತಡೆಯಲಾರದೆ ನನ್ನ ಕಿವಿಯಲ್ಲಿ ಗುಟ್ಟು ಬಿಟ್ಟ. ನಾನು ಬಿದ್ದು ಬಿದ್ದು ನಕ್ಕೆ, ಪವರ್ ಬ್ಯಾಂಕನ್ನು ವಾಪಸ್ ತೆಗೆದುಕೊಂಡೆ.

ಹೀಗೆ ಬೀದಿಯೆಲ್ಲ ಸರದಿಯ ಮೇಲೆ ಉಣಿಸುವಾಗ ಮನೆಯಲ್ಲಿ ಒಲೆ ಯಾಕೆ ಹಚ್ಚಬೇಕು? ಆಯ್ತಣ್ಣ ರಾತ್ರಿ ಫೋನನ್ನು ಚಾರ್ಜಿಗೆ ಹಾಕುವುದನ್ನೇ ಬಿಟ್ಟ.

ಆ ಖುಷಿಯಲ್ಲಿ ಹೆಂಡತಿಗೆಂದು ಒಂದು ಕಾಣಿಕೆಯನ್ನೂ ತಯಾರಿಸಿದ. ಮನೆ ಬಾಗಿಲಿಗೆ ತಾನೇ ಕೈಯಾರೆ ಮಾಡಿದ ಹೊಸ ಬೀಗ. ಹಳೆಯದನ್ನು ಕಿತ್ತು ಇದನ್ನು ಹಾಕಿದ. "ಇದನ್ನ ನಾನು ಬಿಟ್ರೆ ಯಾವನೂ ತೆಗೆಯಲಾರ" ಎಂದು ನನ್ನ ಮುಂದೆ ಎರಡು ಸಲ ಹೇಳಿದ. ಇದ್ದ ಎರಡೂ ಕೀಗಳಿಗೆ ಕೆಂಪು ದಾರ ಕಟ್ಟಿ ಜೇಬಿನಲ್ಲಿಟ್ಟುಕೊಂಡ. ಒಂದನ್ನು ಬಸ್ ಸ್ಟ್ಯಾಂಡಿನಲ್ಲೇ ಹೆಂಡತಿಯ ಕೈಯಲ್ಲಿಡಬೇಕೆಂಬ ಆಸೆ.

ಶುಕ್ರವಾರ ಬೀದಿ ಕೈಚೆಲ್ಲಿತು. 'ಆ ಬ್ಯಾಟರಿ ಮುಗೀತಪ್ಪ, ಇನ್ನು ಹಿಂಸೆ ಕೊಡ್ಬಾರ್ದು' ಎಂದು ಟೈಲರ್ ತೀರ್ಪು ಕೊಟ್ಟ. ಅವತ್ತು ಯಾರೂ ಚಾರ್ಜ್ ಮಾಡಲಿಲ್ಲ. ಆಯ್ತಣ್ಣನಿಗೆ ಅದರ ಅರಿವೂ ಇರಲಿಲ್ಲ, ಯಾಕೆಂದರೆ ಫೋನ್ ಎಂದಿನಂತೆ ಮೂರು ಪರ್ಸೆಂಟ್ ತೋರಿಸುತ್ತ ನೆಮ್ಮದಿಯಾಗಿತ್ತು.

ಶನಿವಾರ ಬೆಳಗ್ಗೆ ಒಂದು ಆಫೀಸಿನ ನೆಲಮಾಳಿಗೆಯಲ್ಲಿ ಕಬ್ಬಿಣದ ಬೀರು ಕಚ್ಚಿಕೊಂಡಿತ್ತು. ಟಾರ್ಚ್ ಹಿಡಿಯಲೆಂದು ನಾನೂ ಜೊತೆಗೆ ಹೋದೆ. ಅವನು ಬೀರುವಿನ ಹೊಟ್ಟೆಗೆ ಕಿವಿ ಹಚ್ಚಿ ತಂತಿ ತಿರುವುತ್ತಿದ್ದಾಗ ಜೇಬಿನಲ್ಲಿ ಫೋನ್ ಟುಂಯ್ ಎಂದಿತು. ತೆಗೆದು ನೋಡಿದ. 'ಬ್ಯಾಟರಿ ತೀರಾ ಕಡಿಮೆಯಿದೆ' ಎಂಬ ಅಕ್ಷರ ಮೂಡಿತ್ತು.

"ನೋಡು ನೋಡು! ಕವರ್ ಅಕ್ಕನ ಕೈಚಳಕ ನೋಡು. ಈಗ ಬಾಯಿಬಿಟ್ಟೂ ಹೇಳುತ್ತೆ!"

ನಾನು ನಾಲ್ಕಕ್ಷರ ಬರೆದು ಬದುಕುವವನು, ಪತ್ರಿಕೆಯಲ್ಲಿ ಲೋಕಕ್ಕೆ ಬುದ್ಧಿ ಹೇಳುವವನು. ಕನ್ನಡಕ ಸರಿಮಾಡಿಕೊಂಡು ಓದಿ, "ಪಾತ್ರದಲ್ಲಿ ಮುಳುಗಿಬಿಟ್ಟಿದೆ" ಎಂದೆ. ಇಬ್ಬರೂ ಹೆಮ್ಮೆಪಟ್ಟೆವು. ಮತ್ತೊಮ್ಮೆ ಟುಂಯ್ ಎಂದಿತು, ಮತ್ತೊಮ್ಮೆ ಮೆಚ್ಚಿಕೊಂಡೆವು. ಆಮೇಲೆ ಪರದೆ ಕಪ್ಪಾಯಿತು. ಅದನ್ನೂ ನಟನೆಯೆಂದೇ ನಂಬಿ ಮಧ್ಯಾಹ್ನದವರೆಗೂ ಬೀರುವಿನ ಜೊತೆ ಗುದ್ದಾಡಿದೆವು. ಆಗ ಹೊತ್ತು ನೋಡಲೆಂದು ಆಯ್ತಣ್ಣ ಫೋನಿನ ಗುಂಡಿ ಒತ್ತಿದ. ಗಟ್ಟಿಯಾಗಿ ಒತ್ತಿದ. ಅವನ ಮುಖದ ಬಣ್ಣವೂ ಪರದೆಯ ಹಾಗೇ ಆಯಿತು.

"ಅವಳು ಬಸ್ ಹತ್ತಿರ್ತಾಳೆ ಕಣೋ! ನಿನ್ ಫೋನ್ ಕೊಡು!"

ನನ್ನದು ಆಗಲೇ ನಿದ್ದೆಗೆ ಹೋಗಿತ್ತು. ಇದ್ದರೂ ಏನು ಪ್ರಯೋಜನ, ಹೆಂಡತಿಯ ನಂಬರು ಸತ್ತ ಫೋನಿನ ಹೊಟ್ಟೆಯಲ್ಲಿತ್ತು. ಬೀರುವನ್ನು ಅದರ ಪಾಡಿಗೆ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆವು. ಬಸ್ಸುಗಳಿದ್ದವು, ಅತ್ತಿಗೆ ಇರಲಿಲ್ಲ. ಮನೆಗೆ ಓಡಿದೆವು.

ಮನೆ ಬಾಗಿಲು ತೆರೆದಿತ್ತು. ಯಾವನೂ ತೆಗೆಯಲಾರದ ಬೀಗ ಒಂದು ಗೀರೂ ಇಲ್ಲದೆ, ಬಾಯಿ ತೆರೆದುಕೊಂಡು ಚಿಲಕಕ್ಕೆ ಜೋತುಬಿದ್ದಿತ್ತು. ಒಳಗೆ ಅತ್ತಿಗೆ ಕುರ್ಚಿಯಲ್ಲಿ ಕೂತಿದ್ದರು, ಬ್ಯಾಗು ತೊಡೆಯ ಮೇಲೆ.

ಆಯ್ತಣ್ಣ ಹೆಂಡತಿಯನ್ನು ನೋಡಿದ, ಬೀಗವನ್ನು ನೋಡಿದ. ಮೊದಲು ಯಾವುದರ ಬಗ್ಗೆ ಕೇಳಬೇಕಿತ್ತು ಎಂಬುದು ಯಾವ ಗಂಡನಿಗಾದರೂ ಗೊತ್ತು.

"ಯಾರೇ ತೆಗೆದಿದ್ದು ಇದನ್ನ?" ಎಂದ.

"ಬೀಗ ತೆಗೆಯೋರು. ಬಸ್ಸಿಂದ ಮಾಡಿದೆ, ಸ್ವಿಚ್ ಆಫ್. ಇಲ್ಲಿಗೆ ಬಂದ್ರೆ ನನ್ನ ಕೀಗೆ ಹೊಂದದ ಬೀಗ. ಅಂಗಡಿಗೆ ಹೋದ್ರೆ ಬಾಗಿಲು ಹಾಕಿದೆ. ಹಲಗೆ ಮೇಲೆ ಬರ್ಕೊಂಡಿದ್ದೀರಲ್ಲ, ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಅಂತ? ಅದನ್ನ ನೋಡ್ಕೊಂಡೇ ಇನ್ನೊಂದ್ಸಲ ಮಾಡಿದೆ. ಆಮೇಲೆ ಬಸ್ ಸ್ಟ್ಯಾಂಡ್ ಹತ್ರ ಇದ್ದಾನಲ್ಲ, ನೀವು ಸದಾ ಬೈತೀರಲ್ಲ, ಆ ಬೀಗದವನ್ನ ಕರ್ಕೊಂಡು ಬಂದೆ."

ಆಯ್ತಣ್ಣ ಗೋಡೆ ಹಿಡಿದುಕೊಂಡ. "ಎಷ್ಟು ಹೊತ್ತು ಹಿಡೀತು ಅವನಿಗೆ?"

"ನಾನು ಚಪ್ಪಲಿ ಬಿಡೋಷ್ಟು."

"ತಂತಿ ಮೇಲಿಂದ ಹಾಕಿದ್ನಾ, ಕೆಳಗಿಂದನಾ?"

"ಬೀಗ ಯಾರು ಮಾಡಿದ್ದು ಅಂತ ಕೇಳ್ದ. ಗೊತ್ತಿಲ್ಲಪ್ಪ ಅಂದೆ. ಮನೆ ಮರ್ಯಾದೆ ಇದೆಯಲ್ಲ."

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಕೆಂಪು ಗೆರೆ, ಕವರ್ ಅಕ್ಕ, ಟೈಲರನ ಹೊಸ ಸಾಕೆಟ್ಟು, ಒಂದನ್ನೂ ಬಿಡಲಿಲ್ಲ. ಅತ್ತಿಗೆ ಫೋನ್ ಇಸಿದುಕೊಂಡು ಚಾರ್ಜಿಗೆ ಚುಚ್ಚಿದರು. ಅದು ಎದ್ದಿತು, ಎದ್ದು ಮೂರು ಪರ್ಸೆಂಟ್ ತೋರಿಸಿತು. ಅವರ ತುಟಿಯಂಚು ಅಲುಗಿತು, ಆದರೆ ನಗಲಿಲ್ಲ.

"ಒಂದು 'ಇಲ್ಲ' ಅನ್ನೋದಕ್ಕೆ ಇಷ್ಟೊಂದು ವೇಷ ಹಾಕ್ಬೇಕಾ? ಸಂಜೆಗೆ ವಾಪಸ್ ಬಸ್ಸಿದೆ. ಬ್ಯಾಗ್ ಇನ್ನೂ ಬಿಚ್ಚಿಲ್ಲ ನಾನು."

ಇಂಥ ಹೊತ್ತಿನಲ್ಲಿ ತಿಳಿದವನು ಎದ್ದು ಹೋಗುತ್ತಾನೆ. ನನಗೆ ಮಾತ್ರ ಅದೇ ಗಳಿಗೆಯಲ್ಲಿ ಸಂಪಾದಕರು ನೆನಪಾದರು. ಕೈ ಅಭ್ಯಾಸಬಲದಿಂದ ತಾನಾಗಿ ಚಾಚಿಕೊಂಡಿತು.

"ಆಯ್ತಣ್ಣ, ಹೇಗೂ ಚಾರ್ಜ್ ಆಗ್ತಿದೆಯಲ್ಲ. ಒಂದೇ ನಿಮಿಷ ಫೋನ್ ಕೊಡು."

ಆಯ್ತಣ್ಣನ ಬಾಯಿ 'ಆ' ಎಂದು ತೆರೆದುಕೊಂಡಿತು. ಅತ್ತಿಗೆಯ ಕೈ ಬ್ಯಾಗಿನ ಹಿಡಿಕೆಯ ಮೇಲೆ ಬಿಗಿಯಾಯಿತು. ಅವನು ಅದನ್ನು ನೋಡಿದ. ತುಕ್ಕು ಹಿಡಿದ ಬೀಗದೊಳಗೆ ಕೀ ತಿರುಗುವಾಗಿನ ಹಾಗೆ ಅವನ ಗಂಟಲಲ್ಲಿ ಏನೋ ಕರಕರ ಎಂದಿತು.

"ಆ... ಇಲ್ಲ."

"ಏನಂದೆ?"

"ಇಲ್ಲ. ಕೊಡಲ್ಲ."

ಹೇಳಿದವನೇ ಕೈಯಿಂದ ಗಾಜಿನ ಲೋಟ ಜಾರಿಬಿದ್ದವನ ಹಾಗೆ ಬೆಚ್ಚಿ ನಿಂತ. ಅತ್ತಿಗೆ ಕುರ್ಚಿಯಿಂದ ಎದ್ದರು.

"ಇನ್ನೊಂದ್ಸಲ ಅನ್ನಿ. ಸರಿಯಾಗಿ ಕೇಳ್ಸಲಿಲ್ಲ."

"ಇಲ್ಲ ಕಣೇ. ಇಲ್ಲ!"

ಅತ್ತಿಗೆ ಬ್ಯಾಗೆತ್ತಿಕೊಂಡು ಒಳಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಜಿಪ್ ಎಳೆದ ಸದ್ದು, ಬೀರು ಬಾಗಿಲು ತೆರೆದ ಸದ್ದು ಕೇಳಿಸಿತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಗೇಟಿನ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಯಾರೋ ಬರಿಗಾಲಲ್ಲಿ ಓಡಿಬಂದ ಸದ್ದು. ಆಯ್ತಣ್ಣ. ಫೋನನ್ನು ಅಂಗಿಯ ಒಳಗೆ ಮುಚ್ಚಿಟ್ಟುಕೊಂಡು ತಂದಿದ್ದ.

"ಬೇಜಾರಾಯ್ತೇನೋ? ತಗೋ, ಬೇಗ ಮಾಡಿ ಕೊಟ್ಬಿಡು. ಅವಳು ಬಟ್ಟೆ ಜೋಡಿಸ್ತಿದ್ದಾಳೆ."

ಕೈಗೆ ತೆಗೆದುಕೊಂಡು ನೋಡಿದೆ. ಖಾಲಿ ಚಿಪ್ಪು, ಕೆಂಪು ಗೆರೆ, ಮೂರು ಪರ್ಸೆಂಟ್. ಫೋನನ್ನು ತಿರುಗಿ ಅವನ ಅಂಗಿಯೊಳಗೇ ತುರುಕಿದೆ.

"ಬೇಡ ಬಿಡಣ್ಣ" ಎಂದೆ. "ಚಾರ್ಜಿಲ್ಲ."