ಪೇಶಕಾರರ ಶುಕ್ರವಾರಗಳು

ಗಾಳ ಹಾಕುವುದನ್ನು ಯಾರಿಗೆ ಬೇಕಾದರೂ ಕಲಿಸಬಹುದು, ಸುಮ್ಮನೆ ಕೂಡುವುದನ್ನು ಕಲಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ನಿಜಾಮರ ಕಾಲದಲ್ಲಿ ಹತ್ತು ಹನ್ನೆರಡು ವರ್ಷ ನನ್ನ ಹೊಟ್ಟೆಪಾಡು ಅದೇ ಆಗಿತ್ತು. ನಮ್ಮದು ಕಾಗಿಣಾ ದಂಡೆಯ ಅಂಬಿಗರ ಮನೆ, ಸೇಡಂನಿಂದ ಎರಡು ಹರದಾರಿ ದೂರ. ಮಳೆಗಾಲದಲ್ಲಿ ಹರಿಗೋಲು ಹಾಕಿ ಜನರನ್ನು ಆಚೆ ದಂಡೆಗೆ ದಾಟಿಸುತ್ತಿದ್ದೆ. ನೀರು ತಿಳಿಯಾದ ಮೇಲೆ ಅದೇ ಹರಿಗೋಲಿನಲ್ಲಿ ಮೀನಿನ ಹುಚ್ಚು ಹಿಡಿದ ಸಾಹೇಬರನ್ನು ಕೂರಿಸಿಕೊಂಡು ಮಡುವಿನಿಂದ ಮಡುವಿಗೆ ತಿರುಗುತ್ತಿದ್ದೆ. ವಾಡಿ ಜಂಕ್ಷನ್ನಿನ ರೈಲ್ವೆಯವರು ಬರುತ್ತಿದ್ದರು, ಶಹಾಬಾದಿನ ಕಲ್ಲುಗಣಿ ಗುತ್ತೇದಾರರು ಬರುತ್ತಿದ್ದರು, ಹೈದರಾಬಾದಿನಿಂದ ತಪಾಸಣೆಯ ದೌರಾ ಬಂದ ಅಧಿಕಾರಿಗಳೂ ಬರುತ್ತಿದ್ದರು. ಕೆಲವರನ್ನು ಭೀಮೆಯವರೆಗೂ ಕರೆದೊಯ್ದಿದ್ದೇನೆ. ಸಮುದ್ರ ಮಾತ್ರ ನಾನು ಕಂಡವನಲ್ಲ. ಒಬ್ಬ ರೈಲ್ವೆ ಸಾಹೇಬರು ಮುಂಬೈಯಲ್ಲಿ ಉಪ್ಪುನೀರಿನ ಮೀನು ಹಿಡಿದ ಕತೆ ಹೇಳಿದಾಗ, ಉಪ್ಪಿನಲ್ಲಿ ಇಟ್ಟದ್ದು ಒಣಮೀನು ಆಗುತ್ತದೆಯೇ ಹೊರತು ಈಜುವುದಿಲ್ಲ ಎಂದು ಬಹಳ ದಿನ ನಂಬಿದ್ದೆ.

ನಮ್ಮ ಕಸುಬಿನ ನ್ಯಾಯ ಸರಳವಾಗಿತ್ತು. ಮೀನು ಸಿಕ್ಕರೆ ಅದು ಸಾಹೇಬರ ಜಾಣತನ, ಸಿಗದಿದ್ದರೆ ನನ್ನ ತಪ್ಪು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹರಿಗೋಲಿನಲ್ಲಿ ಎದ್ದು ನಿಲ್ಲುವವರನ್ನು, ನಿಮಿಷಕ್ಕೊಮ್ಮೆ ದಾರ ಎಳೆದು ನೋಡುವವರನ್ನು ಗದರಿಸಿದ್ದುಂಟು. ಅಧಿಕಾರಿ ಎಷ್ಟೇ ದೊಡ್ಡವನಿರಲಿ, ಈಜು ಬಾರದವನು ನಡುನೀರಿನಲ್ಲಿ ಅಂಬಿಗನ ಮಾತು ಕೇಳುತ್ತಾನೆ.

ನಾನು ಹೇಳಬೇಕೆಂದಿರುವುದು ಇವರೆಲ್ಲರ ಕತೆಯಲ್ಲ. ತಹಸೀಲ ಕಚೇರಿಯಲ್ಲಿ ಅಧಿಕಾರಿಗಳ ಮುಂದೆ ಕಾಗದಪತ್ರ ಇಡುವ ಪೇಶಕಾರರಾಗಿದ್ದ ಒಬ್ಬರದು. ಲಿಂಗಾಯತರು, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮನೆಯಲ್ಲಿ ತತ್ತಿಯ ಹೆಸರನ್ನೂ ಎತ್ತುವಂತಿಲ್ಲ. ಅಂಥವರು ಗಾಳಕ್ಕೆ ಹೇಗೆ ಬಂದರು ಎಂದರೆ, ಒಂದು ಸಲ ಅವರ ಮೇಲಧಿಕಾರಿಗಳು ದೌರಾ ಬಂದಾಗ ಇವರು ಕಾಗದದ ಕಟ್ಟು ಹಿಡಿದುಕೊಂಡು ನನ್ನ ಹರಿಗೋಲಿನಲ್ಲಿ ಕುಳಿತಿದ್ದರು. ಹೊತ್ತು ಮಧ್ಯಾಹ್ನವಾಯಿತು. ಅಧಿಕಾರಿಗಳು ನಮಾಜಿಗೆಂದು ದಂಡೆಗೆ ಇಳಿಯುತ್ತ ಗಾಳದ ಕೋಲನ್ನು ಇವರ ಕೈಗೆ ಕೊಟ್ಟು, 'ಜರಾ ಪಕಡೋ' ಎಂದರು. ಅವರು ಅತ್ತ ಮುಖ ತೊಳೆಯುವುದಕ್ಕೂ ಇತ್ತ ಗೆಂಡೆಮೀನು ಕಚ್ಚುವುದಕ್ಕೂ ಸರಿಹೋಯಿತು. ಪೇಶಕಾರರು ಮೊದಲು ಹೆದರಿದರು, ಆಮೇಲೆ ನಕ್ಕರು, ಆಮೇಲೆ ಕಾಗದದ ಕಟ್ಟನ್ನು ಕಾಲಡಿಗೆ ಹಾಕಿಕೊಂಡು ಎರಡೂ ಕೈಯಿಂದ ಕೋಲು ಹಿಡಿದರು. ಆ ಮುಖ ನೋಡಿದಾಗಲೇ ನನಗೆ ಒಬ್ಬ ಗಿರಾಕಿ ಸಿಕ್ಕ ಎಂದು ಗೊತ್ತಾಯಿತು.

ಮುಂದಿನ ಶುಕ್ರವಾರವೇ ಬಂದರು. ಆಗ ಕಚೇರಿಗೆ ಸೂಟಿ ಇರುತ್ತಿದ್ದುದು ಶುಕ್ರವಾರ. ಅಲ್ಲಿಂದ ಮೂರು ವರ್ಷ, ಮಳೆಗಾಲ ಬಿಟ್ಟರೆ, ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ಆದರೆ ಹಿಡಿದ ಮೀನನ್ನು ಒಂದು ಕ್ಷಣ ನೀರಿನಲ್ಲೇ ಆಡಿಸಿ, ಗಾಳ ಬಿಡಿಸಿ, 'ಹೋಗಪಾ, ಮನಿಗಿ ಹೋಗು' ಎಂದು ಬಿಟ್ಟುಬಿಡುತ್ತಿದ್ದರು. ಮೊದಮೊದಲು ನನ್ನ ಹೊಟ್ಟೆ ಉರಿದುಹೋಯಿತು. ಬೇರೆ ಸಾಹೇಬರು ನನ್ನ ಪಾಲಿಗೆಂದು ಎರಡು ಮೀನಾದರೂ ಕೊಡುತ್ತಿದ್ದರು. ಬರಿಗೈಯಲ್ಲಿ ಮನೆಗೆ ಬಂದರೆ ಹೆಂಡತಿ ಮಸಾಲೆ ಅರೆದಿಟ್ಟುಕೊಂಡು ಬಾಗಿಲಲ್ಲೇ ನಿಂತಿರುತ್ತಿದ್ದಳು.

"ಸಿಕ್ಕದ್ದು ಮತ್ತ ನೀರಿಗಿ ಬಿಡೋ ಗಿರಾಕಿ ಎಲ್ಲಿ ಗಂಟ ಬಿದ್ದಾನ ನಿನಗ? ಅವರಿಗಿ ಬ್ಯಾಡಂದ್ರ ನಮಗೂ ಬ್ಯಾಡೇನು?" ಎನ್ನುತ್ತಿದ್ದಳು.

ಅವಳ ಮಾತು ಸುಳ್ಳಲ್ಲ. ಆದರೆ ಮೀನು ಕಚ್ಚದ ಹೊತ್ತಿನಲ್ಲಿ ಆ ಮನುಷ್ಯ ಮರಳ ದಿಬ್ಬದ ಮೇಲೆ ಕುಳಿತು, ಕಡ್ಡಿಯಿಂದ ಗೀಚಿ ನನಗೆ ಕನ್ನಡ ಅಕ್ಷರ ಕಲಿಸಿದರು. ಇವತ್ತು ಇದನ್ನು ನಾನೇ ಬರೆಯುತ್ತಿರುವುದು ಅದರಿಂದ. ಅವರೆಂದರೆ ನನಗೆ ಪ್ರೀತಿ, ಮುಚ್ಚುಮರೆ ಏನೂ ಇಲ್ಲ.

ಗಾಳಕ್ಕೆ ನಾವು ಜೋಳದ ಹಿಟ್ಟು ಬಳಸುತ್ತಿದ್ದೆವು. ಬೆಲ್ಲ, ಒಂದಿಷ್ಟು ಹಿಂಗು ಹಾಕಿ ಗಟ್ಟಿಯಾಗಿ ನಾದಬೇಕು. ಮಡುವಿಗೆ ಹೋದೊಡನೆ ಗಾಳ ಹಾಕುವುದಿಲ್ಲ. ಮೊದಲು ಬರಿ ಹಿಟ್ಟಿನ ಉಂಡೆಗಳನ್ನು ನೀರಿಗೆ ಎಸೆದು ಮೀನು ಕೂಡಿಸಬೇಕು, ಅವು ತಿಂದು ರುಚಿ ಹತ್ತಿದ ಮೇಲೆ ಗಾಳವಿರುವ ಉಂಡೆ ಇಳಿಬಿಡಬೇಕು. ಈ ಎರಡನೆಯ ಉಂಡೆಗಳನ್ನು ಹಿಂದಿನ ಸಂಜೆಯೇ ಗಾಳಕ್ಕೆ ಮೆತ್ತಿ, ಗೇಣುದ್ದದ ದಾರ ಒಳಗೇ ಸುತ್ತಿಟ್ಟರೆ ಬೆಳಗ್ಗೆ ಹೊತ್ತು ಉಳಿಯುತ್ತದೆ. ಪೇಶಕಾರರಿಗೆ ಈ ರೂಢಿ ಹಚ್ಚಿದವನು ನಾನೇ.

ಮನೆಯಲ್ಲಿ ಅವರು ಹೇಳಿದ್ದು ಏನೆಂದರೆ, ತಾನು ಶುಕ್ರವಾರ ಮೀನುಗಳಿಗೆ ಹಿಟ್ಟು ಹಾಕುವ ವ್ರತ ಹಿಡಿದಿದ್ದೇನೆ ಎಂದು. ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಕಂಡದ್ದೂ ಅದನ್ನೇ. ಹಿಟ್ಟು ಎಸೆಯುವುದು ಅವರ ಕಣ್ಣೆದುರು ನಡೆಯುತ್ತಿತ್ತು, ಗಾಳ ಇಳಿಯುತ್ತಿದ್ದುದು ಬಂಡೆಯ ಮರೆಯಲ್ಲಿ. ವರ್ಷ ಕಳೆಯುವಷ್ಟರಲ್ಲಿ ಪೇಶಕಾರರು ದೊಡ್ಡ ಪುಣ್ಯವಂತರು ಎಂಬ ಮಾತು ಚಿತ್ತಾಪುರದ ಸಂತೆಯವರೆಗೂ ಹೋಯಿತು. ಹಾದಿಯಲ್ಲಿ ಜನ ಅವರಿಗೆ ಕೈಮುಗಿಯತೊಡಗಿದರು. ಅವರು ಮುಜುಗರದಿಂದ ತಲೆ ತಗ್ಗಿಸಿದರೆ, ವಿನಯ ನೋಡಿರಿ ಎಂದು ಇನ್ನೊಂದು ಸಲ ಮುಗಿಯುತ್ತಿದ್ದರು. ನಾನು ಹರಿಗೋಲಿನಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಮನೆಯಲ್ಲಿ ನಿಜ ಗೊತ್ತಿದ್ದವಳು ಮಗಳೊಬ್ಬಳೇ. ಗುರುವಾರ ಸಂಜೆ ಹಿಟ್ಟು ನಾದಿಕೊಡುತ್ತಿದ್ದವಳು ಅವಳು. ಒಂದು ದಿನ, "ಪುಣ್ಯಕ್ಕ ಹಿಂಗು ಯಾಕ ಬೇಕಪಾ?" ಎಂದು ಕೇಳಿದಳಂತೆ. ಅಪ್ಪ ತಡವರಿಸಿದರು, ಅವಳು ನಕ್ಕು ಇನ್ನೊಂದು ಚಿಟಿಕೆ ಹಿಂಗು ಹಾಕಿ ನಾದಿದಳು. ಜಾಣೆ ಹುಡುಗಿ. ಆದರೆ ಎರಡು ಸಂಬಂಧ ಬಂದು ತಪ್ಪಿದ್ದವು. ಹುಡುಗಿ ಎತ್ತರವಾದಳು ಎಂದು ಒಬ್ಬರು ಹೋದರು, ಓದುಬರಹ ಕಲಿತಿದ್ದಾಳೆ ಎಂದು ಇನ್ನೊಬ್ಬರು. ಮೂರನೆಯದು ಸುಲೇಪೇಟದ ಅರಿವೆ ವ್ಯಾಪಾರಿಗಳ ಮನೆಯಿಂದ ಬಂತು. ಆ ಹುಡುಗನನ್ನು ಅವಳು ಬಂಧುಗಳ ಮದುವೆಯೊಂದರಲ್ಲಿ ನೋಡಿದ್ದಳು, ಮನಸ್ಸಿಗೂ ಬಂದಿದ್ದ. ಆ ಮನೆಯಲ್ಲಿ ಎಲ್ಲವೂ ಹುಡುಗನ ಅಜ್ಜ ಹೇಳಿದಂತೆ. ಮಡಿವಂತ ಮುದುಕ, ಹೆಣ್ಣು ನೋಡುವ ಮೊದಲು ಹೆಣ್ಣಿನ ಅಪ್ಪನನ್ನು ನೋಡುತ್ತೇನೆ ಎಂದರಂತೆ. ಅದೂ ಎಲ್ಲಿ, ಮೀನಿಗೆ ಹಿಟ್ಟು ಹಾಕುವ ಜಾಗದಲ್ಲಿ. ಅವರು ಈ ಸಂಬಂಧಕ್ಕೆ ಮನಸ್ಸು ಮಾಡಿದ್ದೇ ಆ ಪುಣ್ಯದ ಸುದ್ದಿ ಕೇಳಿ.

ಪೇಶಕಾರರು ನನ್ನ ಗುಡಿಸಲಿಗೆ ಓಡಿಬಂದರು. ಮುಖದಲ್ಲಿ ರಕ್ತವಿರಲಿಲ್ಲ.

"ಕೋಲು, ದಾರ, ಬೆಂಡು, ಎಲ್ಲಾ ಮುಚ್ಚಿಡೋ ತಮ್ಮಾ. ಈ ಶುಕ್ರವಾರ ಬರೀ ಹಿಟ್ಟ ಹಾಕೋದು. ಇದೂ ತಪ್ಪಿತಂದ್ರ ನನ್ನ ಮಗಳ ಮುಖ ನಾ ಹ್ಯಾಂಗ ನೋಡ್ಲಿ?"

"ನೀವ್ ಆರಾಮ ಬರ್ರಿ ಸಾಹೇಬ್ರ. ನನ್ನ ಹರಿಗೋಲದಾಗ ಗಾಳ ಹುಡುಕಿದ್ರೂ ಸಿಗಂಗಿಲ್ಲ" ಎಂದೆ. ಹೇಳಿದಂತೆಯೇ ಮಾಡಿದೆ. ಹರಿಗೋಲನ್ನು ಮಗುಚಿ, ತಿಕ್ಕಿ ತೊಳೆದು, ಒಂದು ಸೂಜಿಯೂ ಇಲ್ಲದಂತೆ ನೋಡಿಕೊಂಡೆ. ಎಂದೂ ಇಲ್ಲದವನು ಕಂಬಳಿಯನ್ನೂ ಹಾಸಿದೆ.

ಶುಕ್ರವಾರ ಬಂತು. ಮುದುಕರು ಎತ್ತಿನ ಬಂಡಿಯಲ್ಲಿ ಆಚೆ ದಂಡೆಗೆ ಬಂದಿಳಿದರು, ನಾವಿಬ್ಬರೂ ಹೋಗಿ ಹತ್ತಿಸಿಕೊಂಡೆವು. ಎಂಬತ್ತರ ಹತ್ತಿರದ ವಯಸ್ಸು, ಬೆನ್ನು ಮಾತ್ರ ನೆಟ್ಟಗೆ. ಮಡುವಿಗೆ ತಲುಪಿದಾಗ ಪೇಶಕಾರರು ಹಿಟ್ಟಿನ ಬುಟ್ಟಿ ತೆರೆದು ನಾಲ್ಕು ಉಂಡೆ ಎಸೆದರು. ಮೂರು ವರ್ಷ ತಿಂದು ಪಳಗಿದ ಮೀನುಗಳು ಕುದಿಯುವ ಅನ್ನದಂತೆ ಮೇಲೆದ್ದವು. ಮುದುಕರ ಕಣ್ಣು ಅರಳಿತು.

"ಶಿವಾ ಶಿವಾ! ಏನ್ ಭಾಗ್ಯರೀ ನಿಮ್ಮದು. ತರ್ರಿ ಇಲ್ಲಿ, ನಾನೂ ಹಾಕ್ತೀನಿ" ಎಂದು ಬುಟ್ಟಿಗೆ ಕೈಹಾಕಿ ಒಂದು ಉಂಡೆ ತೆಗೆದುಕೊಂಡರು. ಸಣ್ಣ ಮೀನಿಗೂ ಸಿಗಲಿ ಎಂದು ಅದನ್ನು ಎರಡು ಬೆರಳ ನಡುವೆ ಹಿಸುಕಿದರು. ಹಿಸುಕಿದವರೇ 'ಅಯ್ಯಯ್ಯೋ' ಎಂದು ಕೂಗಿದರು.

ಹೆಬ್ಬೆರಳಿನಲ್ಲಿ ಗಾಳ ನೆಟ್ಟಿತ್ತು, ಅದರ ತುದಿಯಿಂದ ಗೇಣುದ್ದದ ದಾರ ಜೋತಾಡುತ್ತಿತ್ತು. ನಾನು ಪೇಶಕಾರರ ಮುಖ ನೋಡಿದೆ, ಅವರು ಬುಟ್ಟಿ ನೋಡುತ್ತಿದ್ದರು. ನಡೆದದ್ದು ಆಗಲೇ ಇಬ್ಬರಿಗೂ ಹೊಳೆಯಿತು. ಹಿಂದಿನ ಸಂಜೆ ಮಗಳ ಚಿಂತೆಯಲ್ಲಿ ಹಿಟ್ಟಿನ ಮುಂದೆ ಕುಳಿತವರು ಮೂರು ವರ್ಷದ ರೂಢಿಯಂತೆ ನಾಲ್ಕಾರು ಉಂಡೆಗೆ ಗಾಳ ಸೇರಿಸಿಟ್ಟಿದ್ದರು. ಕೈ ತನ್ನ ಕೆಲಸ ಮಾಡಿತ್ತು, ಮನಸ್ಸಿಗೆ ಗೊತ್ತೇ ಆಗಿರಲಿಲ್ಲ.

ಗಾಳವನ್ನು ಹಿಂದಕ್ಕೆ ಎಳೆದರೆ ಮಾಂಸ ಕಿತ್ತುಬರುತ್ತದೆ. ನಾನು ಮುದುಕರ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಗಾಳವನ್ನು ಮುಂದಕ್ಕೇ ತಳ್ಳಿ, ಮೊನೆ ಹೊರಗೆ ಬಂದ ಮೇಲೆ ಸೊಂಟದ ಚೀಲದಲ್ಲಿದ್ದ ಇಕ್ಕಳದಿಂದ ಅದರ ಮುಳ್ಳು ಕತ್ತರಿಸಿ, ಉಳಿದದ್ದನ್ನು ಬಂದ ದಾರಿಯಲ್ಲೇ ಹೊರತೆಗೆದೆ. ರುಮಾಲು ಹರಿದು ಕಟ್ಟಿದೆ. ಕಟ್ಟುತ್ತಲೇ ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ತಪ್ಪಾಯ್ತ್ರೀ ಯಜಮಾನ್ರ. ಗಾಳ ನಂದು. ನಾ ಮೀನ ಹಿಡಿಯಾವ. ಸಾಹೇಬ್ರ ಬುಟ್ಟ್ಯಾಗ ಹ್ಯಾಂಗ ಬಿತ್ತೋ ಗೊತ್ತಿಲ್ರಿ."

ಮುದುಕರು ನಂಬಿದರು. ನಂಬದೆ ಏನು, ಅಂಬಿಗನ ಹತ್ತಿರ ಗಾಳ ಇರುವುದು ಸಹಜವೇ. ನೋವೆಲ್ಲ ಸಿಟ್ಟಾಗಿ ನನ್ನ ಮೇಲೆ ತಿರುಗಿತು.

"ಥೂ ನಿನ್ನ! ಇಂಥ ಪುಣ್ಯವಂತರು ಉಣಿಸ್ಲಿಕ್ಕಿ ಬಂದ್ರ ನೀ ಬೆನ್ನಿಗಿ ನಿಂತು ಕೊಲ್ಲಾಕತ್ತೀಯೇನು? ಕರುಳಿಲ್ಲದ ಮನುಷ್ಯಾ! ಪೇಶಕಾರ್ರೇ, ಇವತ್ತೇ ಕಡೀ, ಇವನ ಹರಿಗೋಲ ಹತ್ತಬ್ಯಾಡ್ರಿ. ಇವನ ಮುಖ ನೋಡಬ್ಯಾಡ್ರಿ."

ನಾನು ತಲೆ ತಗ್ಗಿಸಿ ಕುಳಿತೆ. ಬೈಸಿಕೊಳ್ಳುವುದು ನನಗೆ ಹೊಸದಲ್ಲ. ಸುಮ್ಮನಿರಿ ಎಂದು ಕಾಲಿನ ಹೆಬ್ಬೆರಳಿನಿಂದ ಪೇಶಕಾರರ ಪಾದವನ್ನು ಒತ್ತಿದೆ. ಇನ್ನೊಂದು ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಮಗಳ ಮದುವೆ ಗಟ್ಟಿಯಾಗುತ್ತಿತ್ತು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಗಾಳ ನಂದ್ರಿ" ಎಂದರು.

ಮುದುಕರು ತಿರುಗಿ ನೋಡಿದರು.

"ಇಂವ ನನ್ನ ಸಲುವಾಗಿ ಸುಳ್ಳ ಹೇಳ್ಯಾನ. ನಾ ಹಿಟ್ಟ ಹಾಕೋದು ಮೀನ ಹಿಡಿಯಾಕ್ರಿ. ಮೂರು ವರ್ಷ ಆತು."

"ಹಿಡದು ತಿಂತೀರೇನು?"

"ಇಲ್ರಿ. ಮತ್ತ ಬಿಡ್ತೀನಿ."

"ತಿನ್ನಂಗಿಲ್ಲಂದ್ರ ಯಾಕ ಹಿಡೀತೀರಿ?"

ಪೇಶಕಾರರು ನೀರಿನ ಕಡೆ ನೋಡಿದರು. "ಖುಷಿ ಆಗ್ತದ್ರಿ" ಎಂದರು.

ಮುದುಕರು ದಂಡೆಯ ಕಡೆ ಕೈ ತೋರಿಸಿದರು, ಹೋಗು ಎಂದು. ನಾನು ಹುಟ್ಟು ಹಾಕತೊಡಗಿದೆ. ನನಗೆ ಪೇಶಕಾರರ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ನೀರಿಗೆ ತಳ್ಳಿಬಿಡಬೇಕೆನಿಸಿತು. ಕಣ್ಣಲ್ಲಿ ನೀರೂ ಬಂತು. ಹೀಗೆ ನನ್ನ ಪರವಾಗಿ ಮಾತಾಡಿದವರು ಅದುವರೆಗೆ ಯಾರೂ ಇರಲಿಲ್ಲ. ಆದರೆ ಅದರ ಬೆಲೆ ಮನೆಯಲ್ಲಿ ಕಾಯುತ್ತ ಕುಳಿತ ಆ ಹುಡುಗಿಯ ಮೇಲೆ ಬಿತ್ತಲ್ಲ.

ನಡುನೀರಿಗೆ ಬಂದಾಗ ಮುದುಕರು ಬೆರಳಿನ ಕಟ್ಟು ನೋಡಿಕೊಳ್ಳುತ್ತ ಕೇಳಿದರು.

"ನಿಮ್ಮ ಮಗಳಿಗಿ ಗೊತ್ತದೇನು ಇದು?"

"ಗೊತ್ತದ್ರಿ. ಹಿಟ್ಟ ನಾದಿಕೊಡಾಕಿ ಆಕಿನೇ. 'ಬಂದವ್ರಿಗಿ ಖರೆ ಹೇಳಿಬಿಡಪಾ' ಅಂದಿದ್ಳು. ನನಗ ಧೈರ್ಯ ಸಾಲಲಿಲ್ಲ."

"ಮನ್ಯಾಗ ಧೈರ್ಯ ಇದ್ದಾಕಿ ಒಬ್ಬಾಕಿ ಅದಾಳಂದಂಗಾತು" ಎಂದರು ಮುದುಕರು. ಆಮೇಲೆ ನನ್ನ ಕಡೆ ತಿರುಗಿದರು. "ನಿನಗ ಬೈದೆ, ತಪ್ಪಾತು ತಮ್ಮಾ. ಇವರು ಸುಮ್ಮ ಕುಂತಿದ್ರ ನನಗೇನು ತಿಳೀತಿತ್ತು? ಹೆಣ್ಣ ಕೊಡೋರು ನನ್ನ ಮುಂದ ಬಂದು ಹೊಲ, ಮನಿ, ಬಂಗಾರ ಎಲ್ಲಾ ಸುಳ್ಳ ಹೇಳ್ಯಾರ. ಅಂಬಿಗನ ಮರ್ಯಾದಿ ಸಲುವಾಗಿ ಖರೆ ಹೇಳಿದವ ಇಲ್ಲಿತನಕ ಒಬ್ಬನೂ ಸಿಕ್ಕಿದ್ದಿಲ್ಲ." ಮತ್ತೆ ಪೇಶಕಾರರಿಗೆ ಹೇಳಿದರು, "ಸೋಮವಾರ ಹುಡುಗನ ಕರಕೊಂಡು ಹೆಣ್ಣ ನೋಡಾಕ ಬರ್ತೀವಿ. ಹಿಟ್ಟ ನಾದೋ ಕೈ ನಮ್ಮ ಮನಿಗೂ ಬೇಕು."

ಪೇಶಕಾರರು ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡು, ಒರೆಸಿಕೊಂಡದ್ದನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು. ನಾನು ಅವರ ಕಡೆ ನೋಡದೆ ಹುಟ್ಟು ಹಾಕಿದೆ. ದಂಡೆ ಇನ್ನೊಂದು ಮಾರು ದೂರ ಇದ್ದಾಗ ಮುದುಕರು ಕೆಮ್ಮಿದರು. ಬಂಡಿಯವನು ಕೇಳಿಸಿಕೊಳ್ಳದಂತೆ ದನಿ ತಗ್ಗಿಸಿದರು.

"ಅಲ್ರಿ, ಇಲ್ಲಿತನಕ ಹಿಡದದ್ರಾಗ ಎಲ್ಲಕ್ಕಿಂತ ದೊಡ್ಡದು ಎಷ್ಟಿತ್ತು?"

ಎದೆಗಟ್ಟಿ ಮಾಡಿ ಸತ್ಯ ಹೇಳಿ ಇನ್ನೂ ಅರ್ಧ ತಾಸಾಗಿರಲಿಲ್ಲ, ಆ ಮನುಷ್ಯ ಎರಡೂ ಕೈ ಚಾಚಿದರು. ಎಷ್ಟು ಚಾಚಿದರೆಂದರೆ, ಬಲಗೈ ನನ್ನ ಮೂಗಿಗೆ ಬಡಿಯಿತು. ಅವರ ಎಲ್ಲಕ್ಕಿಂತ ದೊಡ್ಡ ಮೀನನ್ನು ಗಾಳದಿಂದ ಬಿಡಿಸಿದವನು ನಾನು, ನನ್ನ ಮೊಣಕೈಯಿಂದ ಬೆರಳ ತುದಿಯವರೆಗೂ ಅದು ಬಂದಿರಲಿಲ್ಲ.

ಮುದುಕರು ನನ್ನ ಮುಖ ನೋಡಿದರು. "ಖರೆ ಏನೋ?"

"ಖರೇರೀ ಯಜಮಾನ್ರ" ಎಂದೆ. "ಬಾಲ ಬಿಟ್ಟು ಅಷ್ಟಿತ್ತು."