ಕಬ್ಬಿಣದ ದೋಣಿಯಲ್ಲಿ ಮೊಮ್ಮಗಳ ಮದುವೆಗೆ

ನನ್ನ ಮೊಮ್ಮಗಳ ಮದುವೆಯಾಯಿತು! ಎಷ್ಟು ಜನರಿಗೆ ಹೇಳಿದರೂ ಸಾಕೆನಿಸುವುದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಮದುವೆ ನಡೆದದ್ದು ಮಗಳಿರುವ ಪರದೇಶದಲ್ಲಿ, ಲುಲೆಯೊ ಪಟ್ಟಣದಾಚೆ ಸಮುದ್ರದಲ್ಲಿರುವ ಒಂದು ಪುಟ್ಟ ದ್ವೀಪದಲ್ಲಿ, ಹುಡುಗನ ಅಜ್ಜನ ಮನೆಯ ಅಂಗಳದಲ್ಲಿ. ನನ್ನ ಮಗಳು ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಅವಳ ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಹುಡುಗನೂ ಈ ಊರಿನವನೇ.

ನಾನು ಕುಂದಾಪುರದಿಂದ ಬಂದಿಳಿದ ಮೇಲೆ ಒಂದು ತೊಡಕು ಎದ್ದಿತು. ಸೊಂಟ ಮುರಿದ ಮೇಲೆ ಗಾಲಿಕುರ್ಚಿಯೇ ನನ್ನ ಕಾಲು. ಆ ದ್ವೀಪದ ಸುತ್ತ ನೀರಿಗೆ ಆಳವಿಲ್ಲ. ಅಲ್ಲಿ ನೆಲವೇ ವರ್ಷ ವರ್ಷ ಸ್ವಲ್ಪ ಮೇಲೇಳುತ್ತದಂತೆ. ಹುಡುಗನ ಅಜ್ಜ ಚಿಕ್ಕವರಿದ್ದಾಗ ದೋಣಿ ಕಟ್ಟುತ್ತಿದ್ದ ಕಟ್ಟೆ ಈಗ ಹುಲ್ಲಿನ ನಡುವೆ ನಿಂತಿದೆ. ದೊಡ್ಡ ದೋಣಿ ದೂರದಲ್ಲೇ ನಿಲ್ಲಬೇಕು, ಅಲ್ಲಿಂದ ಚಿಕ್ಕ ದೋಣಿಗೆ ಇಳಿಯಬೇಕು, ಕೊನೆಗೆ ಮೊಣಕಾಲುದ್ದದ ನೀರಿನಲ್ಲಿ ನಡೆಯಬೇಕು.

ನಮ್ಮಲ್ಲಿ ಧಾರೆ ಎರೆಯುವಾಗ ಮನೆಯ ಹಿರಿಯರು ಗಿಂಡಿಗೆ ಕೈ ಹಚ್ಚಬೇಕು. ನಮ್ಮ ಕಡೆಯಿಂದ ಉಳಿದಿರುವ ಹಿರಿಯಳು ನಾನೊಬ್ಬಳೇ.

"ನಾನು ಈ ದಡದಲ್ಲೇ ಇರ್ತೆ ಮಗಾ. ಫೋನಲ್ಲಿ ತೋರ್ಸು, ಸಾಕು," ಎಂದೆ. ಸಾಕು ಎಂದು ಬಾಯಿ ಹೇಳಿತು, ಅಷ್ಟೇ.

"ನೋ ಚಾನ್ಸ್ ಅಜ್ಜಿ! ನೀವಿಲ್ಲ ಅಂದ್ರೆ ಧಾರೆನೂ ಇಲ್ಲ. ಮುನಿಸಿಪಾಲಿಟಿ ಆಫೀಸಲ್ಲಿ ಸೈನ್ ಹಾಕಿ, ಕಾಫಿ ಕುಡ್ದು ಮನೆಗ್ ಬರ್ತೀವಿ," ಎಂದಳು ಮೊಮ್ಮಗಳು.

"ನಾನು ಎತ್ಕೊಂಡ್ ಹೋಗ್ತೀನಿ ಅತ್ತೆ," ಎಂದರು ಅಳಿಯ.

"ನಿಮ್ಮ ಬೆನ್ನು ಮೊದ್ಲೇ ಹಾಳು. ಇಬ್ರೂ ನೀರಿಗೆ ಬಿದ್ರೆ, ಮದ್ವೆಗೆ ಬಂದವ್ರೆಲ್ಲ ನಮ್ಮನ್ನ ಹುಡುಕುದೇ ಆಯ್ತು!" ಎಂದೆ.

ಆಗ ಹುಡುಗನ ಅಜ್ಜ ತಮಗೆ ಗೊತ್ತಿದ್ದ ಒಂದು ಹಳೆಯ ದೋಣಿಯ ವಿಷಯ ತೆಗೆದರು.

ಮದುವೆಯ ಬೆಳಿಗ್ಗೆ ಅದು ಬಂತು. ಪೂರಾ ಕಬ್ಬಿಣ, ಡಬ್ಬಿಯ ಹಾಗೆ ಚೌಕ. ನಮ್ಮ ಮೀನಿನ ದೋಣಿಗಳ ಚೂಪು ಮೂಗು ಅದಕ್ಕಿಲ್ಲ. ಮುಂಭಾಗವೇ ಒಂದು ದೊಡ್ಡ ಬಾಗಿಲು. ಸರಪಳಿ ಸಡಿಲಿಸಿದರೆ ಆ ಬಾಗಿಲು ಮುಂದಕ್ಕೆ ಮಲಗಿ ಹಲಗೆಯಾಗುತ್ತದೆ. ತಳ ಚಪ್ಪಟೆ, ಹಾಗಾಗಿ ಸೀದಾ ದಡಕ್ಕೇ ನುಗ್ಗುತ್ತದೆ. ಅದರ ಯಜಮಾನರು ನನ್ನಷ್ಟೇ ವಯಸ್ಸಾದವರು, ಮಾತು ಕಡಿಮೆ.

ದೋಣಿ ಹೊರಟ ಮೇಲೆ ಅವರು ಹೇಳಿದ್ದನ್ನು ಮೊಮ್ಮಗಳು ನನಗೆ ಕನ್ನಡದಲ್ಲಿ ಹೇಳುತ್ತಾ ಬಂದಳು. "ಅಜ್ಜಿ, ಇದು ಯುದ್ಧದ ಬೋಟಂತೆ! ಸೋಲ್ಜರ್ಸ್‌ನ ತುಂಬ್ಕೊಂಡು ದಡಕ್ಕೆ ಹೋಗೋದು, ಬಾಗ್ಲು ಬೀಳ್ಸೋದು, ಅವ್ರು ಓಡ್ಬೇಕು."

"ಇಳಿದವ್ರಲ್ಲಿ ಎಷ್ಟು ಜನ ವಾಪಸ್ ಹತ್ತಿದ್ರು ಅಂತ ಕೇಳು."

ಯಜಮಾನರು ಇಲ್ಲವೆಂದು ತಲೆಯಾಡಿಸಿ ಏನೋ ಹೇಳಿದರು, ಮೊಮ್ಮಗಳು ಅದನ್ನೂ ತಿಳಿಸಿದಳು. "ಅದು ಗೊತ್ತಿಲ್ವಂತೆ. ಬಿಟ್ಟು ಬರೋದು, ಇನ್ನೊಂದ್ ಲೋಡ್ ತಗೊಂಡ್ ಹೋಗೋದು, ಇದ್ರ ಕೆಲ್ಸ ಅಷ್ಟೇ ಇತ್ತಂತೆ."

ಯುದ್ಧ ಮುಗಿದ ಮೇಲೆ ಪಕ್ಕದ ದೇಶದಲ್ಲಿ ಅದನ್ನು ಹರಾಜು ಹಾಕಿದಾಗ ಅವರ ತಂದೆ ಕೊಂಡು ತಂದರಂತೆ. ಆಮೇಲೆ ಅದು ಸಾಗಿಸಿದ್ದು ಮರದ ದಿಮ್ಮಿ, ಜಲ್ಲಿ, ಟ್ರ್ಯಾಕ್ಟರು, ಒಂದು ಸಲ ಚರ್ಚಿನ ಗಂಟೆ, ಬೇಸಿಗೆಯಲ್ಲಿ ದ್ವೀಪದ ಹುಲ್ಲಿಗೆ ಹೋಗುವ ಹಸುಗಳು. ತುಕ್ಕು ಹಿಡಿದ ಕಡೆಯೆಲ್ಲ ಅಪ್ಪ, ಮಗ ತೇಪೆ ಹಾಕುತ್ತಲೇ ಬಂದಿದ್ದಾರೆ.

"ಹೋದ ವಾರಾನೂ ಹಸು ಹೋಗಿದ್ವಂತೆ. ಸ್ವಲ್ಪ ಸ್ಮೆಲ್ ಇದೆ, ಸಾರಿ ಅಜ್ಜಿ."

"ಸೆಗಣಿಯಾ? ಮದ್ವೆಗೆ ಒಳ್ಳೇದೇ ಮಾರಾಯ್ತಿ!"

ದೋಣಿ ಮರಳಿಗೆ ಉಜ್ಜಿ ನಿಂತಿತು. ಸರಪಳಿ ಗಲಗಲ ಎಂದು ಬಾಗಿಲು ಬಿತ್ತು. ಅಳಿಯ ಕುರ್ಚಿಯನ್ನು ಮುಂದಕ್ಕೆ ತಳ್ಳಹೊರಟಾಗ ಯಜಮಾನರು ತಡೆದು, ಕುರ್ಚಿ ತಿರುಗಿಸಿ, ಹಿಮ್ಮುಖವಾಗಿ ಇಳಿಸತೊಡಗಿದರು. ಮುಂದಕ್ಕೆ ಬಿಟ್ಟರೆ ನಾನು ಮುಗ್ಗರಿಸುತ್ತಿದ್ದೆ. ಹಾಗಾಗಿ ಮದುವೆಮನೆಗೆ ಬೆನ್ನು ಹಾಕಿ, ದೋಣಿಯ ಕಡೆ ಮುಖ ಮಾಡಿ ಇಳಿದೆ.

ಅದರ ಖಾಲಿ ಹೊಟ್ಟೆ ನನ್ನೆದುರಿಗಿತ್ತು. ಈ ಹಲಗೆಯ ಮೇಲೆ ಯಾರ್ಯಾರದೋ ಮೊಮ್ಮಕ್ಕಳು ಜೀವ ಕೈಯಲ್ಲಿ ಹಿಡಿದು ಓಡಿದ್ದಾರೆ. ಅವರ ಅಜ್ಜಿಯರು ಎಲ್ಲೆಲ್ಲೋ ಕಾಯುತ್ತಾ ಕೂತಿದ್ದಿರಬೇಕು. ನಾನೋ, ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಮಲ್ಲಿಗೆಯ ಪೊಟ್ಟಣ ಇಟ್ಟುಕೊಂಡು, ಕೂತಲ್ಲೇ ಇಳಿಯುತ್ತಿದ್ದೇನೆ. ಆ ಮಕ್ಕಳಿಗೂ, ದೋಣಿಗೂ, ಅದನ್ನು ಗುಜರಿಗೆ ಹಾಕದೆ ಉಳಿಸಿದ ಅಪ್ಪ ಮಗನಿಗೂ ಒಟ್ಟಿಗೇ ಕೈಮುಗಿದೆ. ಯಜಮಾನರಿಗೆ ಏನು ತಿಳಿಯಿತೋ, ಟೋಪಿ ತೆಗೆದರು.

ಧಾರೆಗೆ ನನ್ನ ಕುರ್ಚಿಯನ್ನು ವಧೂವರರ ಪಕ್ಕಕ್ಕೇ ತಂದರು. ಮಗಳು ನನ್ನ ಕೈಯನ್ನು ಹಿಡಿದು ಗಿಂಡಿಗೆ ಹಚ್ಚಿಸಿದಳು. ಗಿಂಡಿ ಹೆಚ್ಚೇ ಬಾಗಿ ನೀರು ದಪ್ಪಗೆ ಸುರಿದು, ಹುಡುಗನ ತೋಳು ಮೊಣಕೈಯವರೆಗೆ ತೊಯ್ದಿತು.

"ಅಜ್ಜಿ, ಸಾಕು! ಮುಳುಗಿಸ್ತೀರಾ ಅವನ್ನ!" ಎಂದು ಮೊಮ್ಮಗಳು ನಕ್ಕಳು, ಕಣ್ಣಲ್ಲಿ ನೀರು.

ಹುಡುಗ ತನಗೆ ಬರುವ ಕನ್ನಡವನ್ನೆಲ್ಲ ತಡಕಾಡಿ, "ಇನ್ನೂ," ಎಂದ.

ನಾನು ಇನ್ನೂ ಎರೆದೆ.